ಉಣಕಲ್ ಕೆರೆಯಿಂದ ಗದಗಿನ ಸೂರ್ಯಕಾಂತಿವರೆಗೆ: ಇನ್‌ಫ್ರಾರೆಡ್, ಯುವಿ ಕ್ಯಾಮೆರಾದ ಕೆಲಸ ಎಲ್ಲಿಗೆ ಬಂತು

ಜುಲೈ: ಬಾಡಿ ಬಿಚ್ಚಿದ್ದು

ಕಣ್ಣಿಗೆ ಕಾಣದ ಇನ್‌ಫ್ರಾರೆಡ್ (ಕೆಂಪಿನಾಚೆಯ) ಮತ್ತು ಯುವಿ (ನೇರಳೆಯಾಚೆಯ) ಬೆಳಕನ್ನೂ ಹಿಡಿಯುವಂತೆ ಮಾರ್ಪಡಿಸಲು ತಗೊಂಡದ್ದು ಹಳೆಯ 24 ಮೆಗಾಪಿಕ್ಸೆಲ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ, ಸೆಕೆಂಡ್ ಹ್ಯಾಂಡ್. ಕನ್ನಡಿ ಇರುವ ಡಿಎಸ್‌ಎಲ್‌ಆರ್ ಬೇಡ ಅಂದದ್ದಕ್ಕೆ ಕಾರಣ ಒಂದೇ: ಅದರಲ್ಲಿ ಫೋಕಸ್ ನೋಡುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಇನ್‌ಫ್ರಾರೆಡ್‌ನಲ್ಲಿ ಎರಡರ ಲೆಕ್ಕ ತಾಳೆಯಾಗುವುದಿಲ್ಲ. ಮೇಲಾಗಿ ಕಾಣುವ ಬೆಳಕನ್ನು ತಡೆಯುವ ಕಪ್ಪು ಫಿಲ್ಟರ್ ಹಾಕಿದ ಮೇಲೆ ವ್ಯೂಫೈಂಡರ್‌ನಲ್ಲಿ ಏನೂ ಕಾಣುವುದಿಲ್ಲ. ಮಿರರ್‌ಲೆಸ್‌ನಲ್ಲಿ ಫೋಕಸ್ ಆಗುವುದೂ ಚಿತ್ರ ಬೀಳುವುದೂ ಒಂದೇ ಸೆನ್ಸರ್ ಮೇಲೆ.

ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೋಮೀಟರ್ ತರಂಗಾಂತರದ ತನಕ ಬೆಳಕು ಹಿಡಿಯುತ್ತದೆ. ಅದರ ಮುಂದೆ ಕಂಪನಿಯವರು ಕೂರಿಸಿರುವ ಗಾಜು 700ರ ಆಚೆಯ ಇನ್‌ಫ್ರಾರೆಡ್ಡನ್ನೂ 400ರ ಈಚೆಯ ಯುವಿಯನ್ನೂ ತಡೆಯುತ್ತದೆ. ತೆಗೆಯಬೇಕಾದದ್ದು ಆ ಗಾಜನ್ನು. ಬೆಳಕಿಗೆ ಹಿಡಿದರೆ ಅದು ತಿಳಿ ನೀಲಿ-ಹಸಿರಾಗಿ ಕಾಣುತ್ತದೆ.

ಬಾಡಿಯಲ್ಲೇ (ಲೆನ್ಸ್ ಬಿಟ್ಟ ಕ್ಯಾಮೆರಾದಲ್ಲೇ) ಫ್ಲ್ಯಾಶ್ ಇದ್ದರೆ ಮೊದಲು ಅದಕ್ಕೆ ವಿದ್ಯುತ್ ಕೂಡಿಡುವ ಕೆಪಾಸಿಟರ್ ನೋಡಿಕೊಳ್ಳಿ. ಬ್ಯಾಟರಿ ತೆಗೆದರೂ ಅದರಲ್ಲಿ 300 ವೋಲ್ಟ್ ಆಸುಪಾಸು ಉಳಿದಿರುತ್ತದೆ. 2.2 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ನ ಎರಡು ತುದಿಗೂ ಇನ್ಸುಲೇಷನ್ ಇರುವ ತಂತಿ ಬೆಸೆದು ಕೆಪಾಸಿಟರ್‌ನ ಎರಡು ಕಾಲಿಗೆ ಐದು ಸೆಕೆಂಡ್ ತಾಗಿಸಬೇಕು. ಆಮೇಲೆ ಮಲ್ಟಿಮೀಟರ್ ಇಟ್ಟು ನೋಡಿ, 5 ವೋಲ್ಟಿಗಿಂತ ಕೆಳಗಿಳಿದ ಮೇಲಷ್ಟೇ ಕೈ ಹಾಕಬೇಕು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿದರೆ ಕಿಡಿ ಹಾರಿ ಬೋರ್ಡು ಸುಡುತ್ತದೆ.

ಸ್ಕ್ರೂ ವಿಷಯದಲ್ಲಿ ಇನ್ನೊಂದು ಮಾತು. ಜಪಾನಿ ಕ್ಯಾಮೆರಾಗಳಲ್ಲಿರುವುದು ಜೆಐಎಸ್ (ಜಪಾನಿನ ಮಾನದಂಡದ) ತಲೆಯ ಸ್ಕ್ರೂ. ನಮ್ಮಲ್ಲಿ ಮಾಮೂಲು ಸಿಗುವ ಫಿಲಿಪ್ಸ್ ಬಿಟ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆ ಸವೆಯುತ್ತದೆ. ಜೆಐಎಸ್ 000 ಮತ್ತು 00 ಬಿಟ್ ತರಿಸಿಕೊಳ್ಳಿ. ರಟ್ಟಿನ ಮೇಲೆ ಬಾಡಿಯ ಚಿತ್ರ ಬರೆದು ಎರಡೂ ಕಡೆ ಅಂಟಿರುವ ಟೇಪ್ ಹಚ್ಚಿ, ಬಿಚ್ಚಿದ ಸ್ಕ್ರೂವನ್ನು ಅದರದೇ ಜಾಗದಲ್ಲಿ ಅಂಟಿಸುತ್ತಾ ಹೋಗಬೇಕು. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಒಳಗಿನ ರಿಬ್ಬನ್ ಕೇಬಲ್ ತೂತಾಗುತ್ತದೆ. ಸೆನ್ಸರ್ ಬಿಚ್ಚುವ ಮುಂಚೆ ಅದರ ಮೂಲೆಗಳ ತೆಳು ವಾಷರ್‌ಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ. ಒಂದು ಅದಲುಬದಲಾದರೂ ಚಿತ್ರದ ಒಂದು ಬದಿ ಮಸುಕಾಗುತ್ತದೆ.

ಧೂಳಿಗೆ ಸುಲಭದ ಉಪಾಯ ಬಚ್ಚಲುಮನೆ. ಹತ್ತು ನಿಮಿಷ ಬಿಸಿನೀರು ಬಿಟ್ಟು ಆವಿ ತುಂಬಿಸಿ, ಅದು ತಣಿದು ಇಳಿದ ಮೇಲೆ ಗಾಜು ಕೂರಿಸಿದರೆ ಗಾಳಿಯ ಧೂಳು ಬಹುಪಾಲು ನೆಲ ಸೇರಿರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳು ಈ ಕೆಲಸಕ್ಕೆ ಬೇಸಿಗೆಗಿಂತ ಎಷ್ಟೋ ಮೇಲು.

ಗಾಜಿನ ದಪ್ಪ, ಇನ್‌ಫಿನಿಟಿಯ ಲೆಕ್ಕ

ಅನೇಕರು ಎಡವುವುದು ಇಲ್ಲೇ. ಗಾಜು ತನ್ನ ಹಿಂದಿನ ಫೋಕಸ್ಸನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಎಷ್ಟು ಅನ್ನುವುದಕ್ಕೆ ಸೂತ್ರ: ದಪ್ಪ × (1 − 1/ವಕ್ರೀಭವನಾಂಕ). 1.52 ಅಂಕದ 2 ಮಿ.ಮೀ. ಗಾಜಾದರೆ 0.68 ಮಿ.ಮೀ. ಗಾಜು ತೆಗೆದು ಖಾಲಿ ಬಿಟ್ಟರೆ ಅಷ್ಟೂ ಹೋಗಿ ದೂರದ ಗುಡ್ಡ, ಅಂದರೆ ಇನ್‌ಫಿನಿಟಿ, ಫೋಕಸ್ ಆಗುವುದೇ ಇಲ್ಲ. ಯುವಿ ಕೂಡ ಬೇಕಿದ್ದುದರಿಂದ ಇಲ್ಲಿ ಹಾಕಿದ್ದು ಯುವಿಯನ್ನು ಬಿಡುವ ಫ್ಯೂಸ್ಡ್ ಕ್ವಾರ್ಟ್ಜ್ ಗಾಜು. ಅದರ ಅಂಕ 1.46, ಹಾಗಾಗಿ ಸರಿಸಮ ಆಗಲು 2.17 ಮಿ.ಮೀ. ಬೇಕು. ಸಿಕ್ಕಿದ್ದು 2.0, ಕೊರತೆ 0.05 ಮಿ.ಮೀ.

ಇಷ್ಟು ಸಣ್ಣ ಕೊರತೆಯೂ ವೈಡ್ ಲೆನ್ಸ್‌ನಲ್ಲಿ ಕಾಡುತ್ತದೆ. ಇನ್‌ಫಿನಿಟಿಗೆ ಗಟ್ಟಿ ತಡೆ ಇರುವ 16 ಮಿ.ಮೀ. ಲೆನ್ಸ್ ಆದರೆ 5 ಮೀಟರ್ ಆಚೆಗೆ ಫೋಕಸ್ ಹೋಗುವುದಿಲ್ಲ. 50 ಮಿ.ಮೀ. ಲೆನ್ಸ್ ಆದರೆ 50 ಮೀಟರ್‌ವರೆಗೆ ಹೋಗುತ್ತದೆ. ಆಟೋಫೋಕಸ್ ಲೆನ್ಸ್‌ಗಳು ಇನ್‌ಫಿನಿಟಿಯನ್ನು ತುಸು ದಾಟಿ ತಿರುಗುತ್ತವೆ. ಜೊತೆಗೆ ಇನ್‌ಫ್ರಾರೆಡ್ ಕಿರಣಗಳು ಹೇಗೂ ಸ್ವಲ್ಪ ಹಿಂದೆ ಕೂಡುತ್ತವೆ. ಈ ಎರಡರಿಂದ ಕೊರತೆ ತುಂಬಿತು. ಅಡಾಪ್ಟರ್ (ಬೇರೆ ಲೆನ್ಸ್ ಕೂರಿಸುವ ಬಳೆ) ಮೇಲಿನ ಹಳೆ ಮ್ಯಾನ್ಯುಯಲ್ ಲೆನ್ಸ್‌ಗೆ ಬೇರೆ ಉಪಾಯ: ಅಡಾಪ್ಟರ್ ಕೂದಲೆಳೆಯಷ್ಟು ಗಿಡ್ಡ ಇದ್ದರೆ ಒಳ್ಳೆಯದು, ಉದ್ದ ಇದ್ದರೆ ಉಜ್ಜಬೇಕು.

ಜೋಡಿಸಿದ ಕೂಡಲೇ ಮಾಡಬೇಕಾದ ಪರೀಕ್ಷೆ: ಬಾಡಿ ಕ್ಯಾಪ್ ಹಾಕಿ ಕತ್ತಲೆ ಕೋಣೆಯಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200, 30 ಸೆಕೆಂಡ್ ಇಟ್ಟು ಒಂದು ಚಿತ್ರ. ಕೆಲವು ಬಾಡಿಗಳಲ್ಲಿ ಶಟರ್ ಗಮನಿಸಲು ಒಳಗೊಂದು ಇನ್‌ಫ್ರಾರೆಡ್ ಎಲ್‌ಇಡಿ ಇರುತ್ತದೆ. ಮೊದಲಿನ ಗಾಜು ಅದನ್ನು ತಡೆಯುತ್ತಿತ್ತು, ಈಗ ತಡೆಯುವವರಿಲ್ಲ. ಇದ್ದರೆ ಒಂದು ಅಂಚಿನಿಂದ ಮಂಜಿನಂತೆ ಬೆಳಕು ಹರಡುತ್ತದೆ. ನಮ್ಮ ಬಾಡಿ ಸ್ವಚ್ಛ ಬಂತು.

ಸೆಪ್ಟೆಂಬರ್: ಉಣಕಲ್ ಕೆರೆ, 720 ನ್ಯಾನೋಮೀಟರ್

ಇನ್‌ಫ್ರಾರೆಡ್ ಕಲಿಯುವವರಿಗೆ ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ನೀರು ಇನ್‌ಫ್ರಾರೆಡ್ಡನ್ನು ಹೀರಿಕೊಂಡು ಕಪ್ಪಾಗುತ್ತದೆ. ಅಂತರಗಂಗೆಯ ಎಲೆ ಅದನ್ನು ಚೆದುರಿಸಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಎರಡೂ ಒಂದೇ ಫ್ರೇಮಿನಲ್ಲಿ ಪಕ್ಕಪಕ್ಕ ಸಿಗುತ್ತವೆ. ಎಲೆಯ ಬಿಳುಪಿಗೆ ಕ್ಲೋರೋಫಿಲ್ ಕಾರಣ ಎಂದು ಬರೆಯುವವರಿದ್ದಾರೆ, ಅದು ಅರ್ಧ ಸತ್ಯ. ಕ್ಲೋರೋಫಿಲ್ ಆ ಬೆಳಕನ್ನು ಹೀರುವುದಿಲ್ಲ, ಅಷ್ಟೇ. ಅದನ್ನು ಹಿಂದಕ್ಕೆ ಚೆದುರಿಸುವುದು ಎಲೆಯೊಳಗಿನ ಕೋಶಗಳೂ ಅವುಗಳ ನಡುವಿನ ಗಾಳಿ ಸಂದುಗಳೂ. ಇಂಥ ಚಿತ್ರಗಳನ್ನು 1910ರಲ್ಲಿ ಮೊದಲು ಪ್ರಕಟಿಸಿದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಹೆಸರಿನಿಂದ ಇದನ್ನು ವುಡ್ ಎಫೆಕ್ಟ್ ಅನ್ನುತ್ತಾರೆ.

720 ನ್ಯಾನೋಮೀಟರ್ ಆಚೆಯ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿ, ಬಿಸಿಲಿನ ಮಧ್ಯಾಹ್ನ ಐಎಸ್‌ಒ 200, ಅಪರ್ಚರ್ (ಲೆನ್ಸ್‌ನ ಕಂಡಿ) ಎಫ್/8, 1/200 ಸೆಕೆಂಡ್ ಸಾಕಾಯಿತು. ಗಾಜು ತೆಗೆಯದ ಕ್ಯಾಮೆರಾದಲ್ಲಿ ಇದೇ ದೃಶ್ಯಕ್ಕೆ ಹತ್ತಾರು ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಅಂತರಗಂಗೆ ಗಾಳಿಗೆ ಅರ್ಧ ಮೊಳ ತೇಲಿ ಹೋಗಿರುತ್ತದೆ. ಒಟ್ಟು ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನಂಬಬೇಡಿ. 720ರಲ್ಲಿ ಕೆಂಪು ಚಾನೆಲ್ ಮೊದಲು ತುಂಬಿ ಎಲೆಯ ನಾರು ಅಳಿಸಿಹೋಗುತ್ತದೆ. ಮೂರೂ ಚಾನೆಲ್ ಬೇರೆಬೇರೆ ನೋಡಿ, ಎಕ್ಸ್‌ಪೋಷರ್ −0.7 ಕೊಟ್ಟು ತೆಗೆಯಿರಿ.

ವೈಟ್ ಬ್ಯಾಲೆನ್ಸ್‌ಗೆ ಬಿಸಿಲಲ್ಲಿರುವ ಹಸಿ ಹುಲ್ಲನ್ನು ಫ್ರೇಮ್ ತುಂಬ ಹಿಡಿದು ಕಸ್ಟಮ್ ಸೆಟ್ ಮಾಡಿ. ಆಗ ಎಲೆ ಬಿಳಿ, ಆಕಾಶ ಕಂದು-ಕಿತ್ತಳೆ ಬರುತ್ತದೆ. ಚಿತ್ರ ತಿದ್ದುವ ಗಿಂಪ್ ತಂತ್ರಾಂಶದ ಚಾನೆಲ್ ಮಿಕ್ಸರ್‌ನಲ್ಲಿ ಕೆಂಪಿನ ಸ್ಥಾನಕ್ಕೆ ನೀಲಿ 100, ನೀಲಿಯ ಸ್ಥಾನಕ್ಕೆ ಕೆಂಪು 100 ಕೊಟ್ಟರೆ ಆಕಾಶ ನೀಲಿಗೆ ತಿರುಗುತ್ತದೆ. 850ರ ಫಿಲ್ಟರ್‌ಗೆ ಈ ಸರ್ಕಸ್ ಬೇಡ. ಅಲ್ಲಿ ಸೆನ್ಸರ್ ಮೇಲಿನ ಮೂರೂ ಬಣ್ಣದ ಡೈಗಳು ಹೆಚ್ಚುಕಡಿಮೆ ಒಂದೇ ಸಮ ಬೆಳಕು ಬಿಡುತ್ತವೆ, ಸಿಗುವುದು ಕಪ್ಪು-ಬಿಳುಪು ಚಿತ್ರವೇ.

ಕಾಡಿದ್ದು ಹಾಟ್‌ಸ್ಪಾಟ್. ಎಫ್/16ರಲ್ಲಿ ತೆಗೆದ ಪ್ರತಿ ಚಿತ್ರದ ನಡುವೆ ರೊಟ್ಟಿಯಷ್ಟು ದುಂಡಗಿನ ತಿಳಿ ಕಲೆ. ಲೆನ್ಸ್‌ನ ಕೋಟಿಂಗ್ 400ರಿಂದ 700ರವರೆಗಿನ ಬೆಳಕಿಗೆ ಲೆಕ್ಕ ಹಾಕಿ ಬಳಿದದ್ದು. ಇನ್‌ಫ್ರಾರೆಡ್‌ಗೆ ಅದೇ ಕೋಟಿಂಗ್ ಕನ್ನಡಿಯಾಗಿಬಿಡಬಹುದು. ಸೆನ್ಸರ್‌ನಿಂದ ಮರಳಿದ ಬೆಳಕು ಲೆನ್ಸ್‌ಗೆ ಬಡಿದು ಮತ್ತೆ ಸೆನ್ಸರ್ ನಡುವಿಗೇ ಬೀಳುತ್ತದೆ. ಅಪರ್ಚರ್ ಕಿರಿದಾದಷ್ಟೂ ಆ ಕಲೆ ಗಟ್ಟಿ. ಮೋಡ ಕವಿದ ಆಕಾಶಕ್ಕೆ ಹಿಡಿದು ಎಫ್/4ರಿಂದ ಎಫ್/16ರವರೆಗೆ ಒಂದೊಂದೇ ತೆಗೆದು, ಕಾಂಟ್ರಾಸ್ಟ್ ಪೂರ್ತಿ ಏರಿಸಿ ನೋಡಿದಾಗ ಈ 18-55 ಲೆನ್ಸ್‌ನ ಗಡಿ ಎಫ್/8 ಎಂದು ತಿಳಿಯಿತು. ಎಫ್/11ರಲ್ಲೇ ಕಲೆ ಮೊಳೆಯುತ್ತದೆ. ಹಳೆಯ ಚಿತ್ರ ಉಳಿಸಲು ಅದೇ ಅಪರ್ಚರ್, ಅದೇ ಜೂಮ್‌ನ ಫ್ಲ್ಯಾಟ್ ಫ್ರೇಮ್ (ಒಂದೇ ಸಮ ಬೆಳಕಿನ ಖಾಲಿ ಚಿತ್ರ) ತೆಗೆದು ರಾ ಥೆರಪಿ ತಂತ್ರಾಂಶದ ಫ್ಲ್ಯಾಟ್-ಫೀಲ್ಡ್‌ನಲ್ಲಿ ಕೊಟ್ಟರೆ ಬಹುಪಾಲು ಹೋಗುತ್ತದೆ.

ನವೆಂಬರ್: ಗದಗಿನ ಸೂರ್ಯಕಾಂತಿ, ಯುವಿ

ಇನ್‌ಫ್ರಾರೆಡ್ ಇದರ ಮುಂದೆ ಮಕ್ಕಳಾಟ. ಸೆನ್ಸರ್‌ಗೆ ಯುವಿ ಹಿಡಿಯುವ ಶಕ್ತಿ ಬಹಳ ಕಡಿಮೆ, ಇನ್‌ಫ್ರಾರೆಡ್ ಹಿಡಿಯುವುದು ಎಷ್ಟೋ ಪಟ್ಟು ಜಾಸ್ತಿ. ಯುವಿ ಫಿಲ್ಟರ್ ಸಾವಿರಕ್ಕೊಂದು ಪಾಲು ಇನ್‌ಫ್ರಾರೆಡ್ ಸೋರಿಸಿದರೂ ಚಿತ್ರದಲ್ಲಿ ಯುವಿಯ ಜೊತೆ ಇನ್‌ಫ್ರಾರೆಡ್ ಬೆರೆತು ಕೆಡುತ್ತದೆ.

ಫಿಲ್ಟರ್ ಜೋಡಿ: ಝಡ್‌ಡಬ್ಲ್ಯುಬಿ1 ಮತ್ತು ಕ್ಯೂಬಿ39 ಎಂಬ ಬಣ್ಣದ ಗಾಜುಗಳು, ತಲಾ 2 ಮಿ.ಮೀ. ದಪ್ಪ. ಮೊದಲನೆಯದು ಯುವಿ ಬಿಡುತ್ತದೆ, ಆದರೆ 700ರ ಸುತ್ತ ಸೋರುತ್ತದೆ. ಎರಡನೆಯದು ಆ ಸೋರಿಕೆಗೆ ಬಿರಡೆ. ಪರೀಕ್ಷೆ ಸರಳ: ಈ ಜೋಡಿಯ ಮುಂದೆ 720ರ ಇನ್‌ಫ್ರಾರೆಡ್ ಫಿಲ್ಟರನ್ನೂ ಹಿಡಿದು ಅದೇ ಎಕ್ಸ್‌ಪೋಷರ್‌ನಲ್ಲಿ ತೆಗೆಯುವುದು. ಪೂರ್ತಿ ಕಪ್ಪು ಬರಬೇಕು. ಮೊದಲ ಸಲ 1 ಮಿ.ಮೀ. ಕ್ಯೂಬಿ39 ಹಾಕಿದ್ದಾಗ ಹೂವಿನ ಎಲೆಗಳು ತೆಳುವಾಗಿ ಮೂಡಿಬಂದವು, ಅಂದರೆ ಅಲ್ಲಿಯವರೆಗಿನ ಯುವಿ ಚಿತ್ರಗಳೆಲ್ಲ ಲೆಕ್ಕಕ್ಕಿಲ್ಲ. ಕ್ಯೂಬಿ39ರ ನೀಲಿ ಗಾಜು ತೇವಕ್ಕೆ ಮಂಕಾಗುವ ಜಾತಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇಡಿ.

ಲೆನ್ಸ್ ಎಲ್-ನಿಕ್ಕಾರ್ 80 ಮಿ.ಮೀ. ಎಫ್/5.6, ಹಳೆಯ ಲೋಹದ ಮೈಯದು. ಡಾರ್ಕ್‌ರೂಮ್ ಎನ್‌ಲಾರ್ಜರ್‌ನ (ಫಿಲ್ಮಿನ ಚಿತ್ರ ದೊಡ್ಡದಾಗಿಸುವ ಯಂತ್ರದ) ಲೆನ್ಸ್ ಆದರೂ ಯುವಿಯನ್ನು ಚೆನ್ನಾಗಿ ಬಿಡುತ್ತದೆ. ತನ್ನದೇ ಫೋಕಸ್ ರಿಂಗ್ ಇಲ್ಲ, ಹೆಲಿಕಾಯ್ಡ್ (ತಿರುಗಿಸಿದರೆ ಉದ್ದ-ಗಿಡ್ಡ ಆಗುವ ಕೊಳವೆ) ಬೇಕು. ಬಹಳ ಪದರದ ಹೊಸ ಜೂಮ್‌ಗಳು ಯುವಿಯನ್ನು ನುಂಗಿಬಿಡುತ್ತವೆ.

ಬಿಳುಪಿನ ಅಳತೆಗೆ ಕಾಗದ ಕೆಲಸಕ್ಕೆ ಬಾರದು. ಬಿಳಿ ಬಣ್ಣದಲ್ಲಿ ಟೈಟಾನಿಯಂ ಡೈಆಕ್ಸೈಡ್ ಇದ್ದರೆ ಯುವಿಯಲ್ಲಿ ಅದು ಕಪ್ಪಾಗುತ್ತದೆ. ನಳ ಜೋಡಿಸುವ ಬಿಳಿ ಟೆಫ್ಲಾನ್ ಟೇಪನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು, ಬಾಟಲಿ ಮುಚ್ಚಳದ ಮೇಲೆ ಎಳೆಯದೆ ಹತ್ತು-ಹನ್ನೆರಡು ಪದರ ಸುತ್ತಿ. ಯುವಿಯಿಂದ ಇನ್‌ಫ್ರಾರೆಡ್‌ವರೆಗೆ ಒಂದೇ ಸಮ ಬಿಳಿ.

ಸೂರ್ಯಕಾಂತಿ ಕಣ್ಣಿಗೆ ಪೂರ್ತಿ ಹಳದಿ. ಯುವಿಯಲ್ಲಿ ಪಕಳೆಯ ತುದಿ ಮಾತ್ರ ಬೆಳಗುತ್ತದೆ, ಬುಡದ ಭಾಗ ಇದ್ದಿಲಿನಂತೆ ಕಪ್ಪು, ನಡುವಿನ ತಟ್ಟೆಯೂ ಕಪ್ಪು. ಯುವಿ ಕಾಣುವ ಜೇನಿಗೆ ಅದು ಬೆಳಗುವ ಅಂಚಿನ ಗುರಿಹಲಗೆ. ಐಎಸ್‌ಒ 800, ಎಫ್/8, 1 ಸೆಕೆಂಡ್. ಗದಗಿನ ಗಾಳಿಯಲ್ಲಿ ಹೂವು ಒಂದು ಸೆಕೆಂಡ್ ನಿಲ್ಲುವುದಿಲ್ಲ. ದಂಟಿನ ಪಕ್ಕ ಬಿದಿರು ಕೋಲು ನೆಟ್ಟು ಬಟ್ಟೆ ಕ್ಲಿಪ್‌ನಿಂದ ಹಿಡಿಸಿದ್ದು ಉಪಯೋಗಕ್ಕೆ ಬಂತು. ಫೋಕಸ್‌ಗೆ 365 ನ್ಯಾನೋಮೀಟರ್ ಟಾರ್ಚ್ ಬಳಸುವವರು ಯುವಿ ತಡೆಯುವ ಕನ್ನಡಕ ಹಾಕಲೇಬೇಕು.

ಅದೇ ದಿನ ಡಂಬಳದ ಕಡೆಯ ಎರಿ ಹೊಲದಿಂದ ಕಪ್ಪತಗುಡ್ಡವನ್ನು ಎರಡೂ ಬೆಳಕಿನಲ್ಲಿ ತೆಗೆದದ್ದಾಯಿತು. 850ರಲ್ಲಿ ಗುಡ್ಡದ ಒಂದೊಂದು ಮಡಿಕೆ ಎಣಿಸಬಹುದು. ಯುವಿಯಲ್ಲಿ ಗುಡ್ಡವೇ ಇಲ್ಲ, ಹೊಲದ ಅಂಚಿನಾಚೆ ಬರೀ ಬಿಳಿ ಮಬ್ಬು. ಗಾಳಿಯ ಅಣುಗಳು ಬೆಳಕು ಚೆದುರಿಸುವುದು ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮ. 850ಕ್ಕೆ ಹೋಲಿಸಿದರೆ 365ರಲ್ಲಿ ಸುಮಾರು 29 ಪಟ್ಟು. ಆದರೆ ಸುಗ್ಗಿಯ ಧೂಳನ್ನು ಇನ್‌ಫ್ರಾರೆಡ್ ಕೂಡ ಭೇದಿಸುವುದಿಲ್ಲ, ಕಣ ದಪ್ಪವಾದರೆ ಈ ನಿಯಮ ನಡೆಯುವುದಿಲ್ಲ. ಮಳೆ ಬಿದ್ದ ಮರುದಿನ ಹೋಗಿ.

ಮುಂದಿನದು

ಜನವರಿಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಕಣ. ಮನೆಯಲ್ಲಿದ್ದ ಒಂದು ಹಿಡಿ ಒಣಮೆಣಸಿನಕಾಯಿಯನ್ನು 850ರಲ್ಲಿ ಹಿಡಿದಾಗ ಸುಕ್ಕುಸುಕ್ಕಾದ ಬಿಳಿ ಕಾಯಿಗಳಾಗಿ ಬಂದವು. ಆ ಕೆಂಪು ಬಣ್ಣಕ್ಕೆ ಇನ್‌ಫ್ರಾರೆಡ್ ಹೀರುವ ಗುಣ ಇಲ್ಲ. ಎರಿ ಮಣ್ಣು ಇನ್‌ಫ್ರಾರೆಡ್‌ನಲ್ಲೂ ಕಪ್ಪಾಗಿಯೇ ಉಳಿಯುವುದರಿಂದ, ಹೊಲದ ಬದುವಿನ ಕಣದಲ್ಲಿ ಹರವಿದ ರಾಶಿ ಹೇಗೆ ಕಾಣುತ್ತದೆ ನೋಡಬೇಕು. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಗೆ ಟ್ರೈಪಾಡ್ ಬೇಕು, ಅದಕ್ಕೆ ಮೊದಲೇ ಅನುಮತಿ ಕೇಳಬೇಕು. ಅರ್ಜಿ ಬರೆದಿಟ್ಟಿದೆ.