ಯಾವಾಗಲೂ ನಿಮ್ಮ ಚಿತ್ರವನ್ನೇ ಯಾಕೆ ಬರೀತೀರಿ?

ಜನವರಿಯ ಚಿತ್ರಸಂತೆಗೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕ್ಯಾನ್ವಾಸ್ ಹರಡಿಕೊಂಡು ಕೂತರೆ ಈ ಪ್ರಶ್ನೆ ತಪ್ಪಿದ್ದಲ್ಲ. "ಮೇಡಂ, ಎಲ್ಲಾ ನಿಮ್ಮದೇ ಮುಖ ಅಲ್ವಾ? ಬೇರೆ ಯಾರನ್ನೂ ಬರೆಯಲ್ವಾ?" ಕೆಲವರು ಕುತೂಹಲಕ್ಕೆ ಕೇಳುತ್ತಾರೆ. ಕೆಲವರ ದನಿಯಲ್ಲಿ 'ಎಷ್ಟು ಜಂಬ ನೋಡು ಇವಳಿಗೆ' ಅನ್ನುವುದೂ ಸೇರಿರುತ್ತದೆ. ನಮ್ಮ ಸೋದರತ್ತೆಯದು ನೇರ ಮಾತು: "ಒಂದು ಗಣಪತೀನೋ ಕೃಷ್ಣನ್ನೋ ಬರೀಬಾರದೇನೇ? ಯಾರಾದ್ರೂ ತಗೊಂಡಾದ್ರೂ ಹೋಗ್ತಾರೆ."

ಮೊದಲ ಉತ್ತರ ದುಡ್ಡಿನದು. ಮಾಡೆಲ್ ಕೂರಿಸಿದರೆ ಗಂಟೆ ಲೆಕ್ಕದಲ್ಲಿ ಕೊಡಬೇಕು. ಮನೆಯವರನ್ನು ಕೂರಿಸಿದರೆ ಹತ್ತು ನಿಮಿಷಕ್ಕೆ ಕೈ ಫೋನಿಗೆ ಹೋಗುತ್ತದೆ. ಕನ್ನಡಿಯಲ್ಲಿರುವವಳು ರಾತ್ರಿ ಹನ್ನೊಂದಕ್ಕೆ ಕರೆದರೂ ಬರುತ್ತಾಳೆ. 'ನಾನು ಇಷ್ಟು ದಪ್ಪ ಇದ್ದೀನಾ' ಅಂತ ಮುನಿಸಿಕೊಳ್ಳುವುದಿಲ್ಲ. ಎಷ್ಟೋ ಕಲಾವಿದರು ತಮ್ಮನ್ನೇ ಬರೆದುಕೊಳ್ಳಲು ಇದೂ ಒಂದು ಕಾರಣ. ಇದರಲ್ಲಿ ಜಂಬದ ಮಾತೇನೂ ಇಲ್ಲ.

ಎರಡನೇ ಉತ್ತರ ಸ್ವಲ್ಪ ಉದ್ದ. ಅದು ನನ್ನ ಕುತ್ತಿಗೆಯ ವಿಷಯ.

ಥೈರಾಯ್ಡ್ ಆಪರೇಷನ್ ಆದ ಮೇಲೆ ಕುತ್ತಿಗೆಯ ಬುಡದಲ್ಲಿ, ಸರ ಕೂರುವ ಜಾಗಕ್ಕೆ ಸರಿಯಾಗಿ, ಅಡ್ಡಕ್ಕೆ ಒಂದು ಗೆರೆ ಉಳಿಯಿತು. ಮದುವೆ ಮನೆಗಳಲ್ಲಿ ಜನ ಮೊದಲು ಅದನ್ನು ನೋಡಿ ಆಮೇಲೆ ನನ್ನ ಮುಖ ನೋಡುತ್ತಿದ್ದರು. ದುಪಟ್ಟಾ ಸುತ್ತಿಕೋ, ಅಗಲದ ನೆಕ್ಲೇಸ್ ಹಾಕ್ಕೋ ಅಂತ ಪುಕ್ಕಟೆ ಸಲಹೆ ಬೇರೆ. ಕನ್ನಡಿ ನೋಡದೇ ಜಡೆ ಹೆಣೆದುಕೊಳ್ಳುವುದೂ ನನಗೆ ರೂಢಿಯಾಗಿತ್ತು. ಹಾಗಿದ್ದವಳು ಒಂದು ದಿನ ಬ್ರಷ್ ಹಿಡಿದು ಅದೇ ಕನ್ನಡಿ ಮುಂದೆ ಕೂತೆ. ದೊಡ್ಡ ಧೈರ್ಯವೇನಲ್ಲ, ಬೇರೆ ಕೆಲಸ ಇರಲಿಲ್ಲ ಅಷ್ಟೇ.

ಬರೆಯಲು ಕೂತರೆ ಎದುರಾಗುವ ಮೊದಲ ಪ್ರಶ್ನೆ, ಇದು ಯಾವ ಬಣ್ಣ? ಗಾಯದ ಗುರುತು ಕೆಂಪು ಅಂದುಕೊಂಡಿದ್ದೆ. ಕೆಂಪು ಹಚ್ಚಿದರೆ ಕುಂಕುಮ ಬಳಿದ ಹಾಗಾಯಿತು. ಅಲಿಜರಿನ್ ಕ್ರಿಮ್ಸನ್ ಅನ್ನುವ ಕಡುಗೆಂಪಿಗೆ ಚೂರು ನೀಲಿ, ಚೂರು ಅಂಬರ್ ಅನ್ನುವ ಕಂದು ಬೆರೆಸಿದಾಗ ಹತ್ತಿರ ಬಂತು. ತಿಂಗಳುಗಳು ಕಳೆದಂತೆ ಗೆರೆ ಕಂದಿತು, ಆದರೆ ಸುತ್ತಲಿನ ಚರ್ಮಕ್ಕಿಂತ ನುಣುಪಾಗಿ, ಪಕ್ಕದಿಂದ ಬೆಳಕು ಬಿದ್ದರೆ ಮಿಂಚತೊಡಗಿತು. ಅದನ್ನು ತೋರಿಸಲು ಅಲ್ಲಿ ಮಾತ್ರ ಬಣ್ಣ ದಪ್ಪವಾಗಿ ಇಡಬೇಕು, ಸುತ್ತ ತೆಳುವಾಗಿ ಉಜ್ಜಬೇಕು. ಹೀಗೆ ಬೆಳಗ್ಗೆಯೆಲ್ಲಾ ಆ ಗೆರೆಯನ್ನೇ ದಿಟ್ಟಿಸಿದ ಮೇಲೆ ಹೆದರಿಕೆಗೆ ಜಾಗವೇ ಇರುತ್ತಿರಲಿಲ್ಲ. ತಲೆಯಲ್ಲಿ ಇರುತ್ತಿದ್ದದ್ದು ಒಂದೇ, ಇಲ್ಲಿಗೆ ಇನ್ನೊಂಚೂರು ಹಳದಿ ಬೇಕಾ ಬೇಡವಾ.

"ಹಾಗಾದ್ರೆ ಚಿತ್ರ ಬರೆದು ವಾಸಿಯಾಯ್ತಾ?" ಅಂತಲೂ ಕೇಳುತ್ತಾರೆ. ಇಲ್ಲಪ್ಪ. ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ಈಗಲೂ ನುಂಗಬೇಕು. ನೋವನ್ನು ಕ್ಯಾನ್ವಾಸ್ ಮೇಲೆ ಸುರಿದುಬಿಟ್ಟರೆ ಮನಸ್ಸು ಹಗುರಾಗುತ್ತೆ ಅನ್ನುವ ಮಾತೂ ನನಗೆ ಅಷ್ಟು ಒಪ್ಪಿಗೆಯಿಲ್ಲ. ಸುರಿಯುವಾಗ ಆದದ್ದಕ್ಕಿಂತ ನಿಧಾನವಾಗಿ ನೋಡುವಾಗ ನನಗೆ ಆದ ಲಾಭವೇ ಜಾಸ್ತಿ.

ಈ ಮಾತು ಬಂದರೆ ಎಲ್ಲರೂ ಮೆಕ್ಸಿಕೋದ ಕಲಾವಿದೆ ಫ್ರೀಡಾ ಕಾಲೋ ಹೆಸರು ಎತ್ತುತ್ತಾರೆ. 1925ರಲ್ಲಿ ಮೆಕ್ಸಿಕೋ ನಗರದಲ್ಲಿ ಆಕೆ ಕೂತಿದ್ದ ಬಸ್ಸಿಗೆ ಟ್ರಾಮ್ ಗುದ್ದಿತು. ಆಗ ಆಕೆಗೆ 18 ವರ್ಷ. ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದಾಗ, ಮಲಗಿದಲ್ಲೇ ತನ್ನ ಮುಖ ಕಾಣುವ ಹಾಗೆ ಮಂಚದ ಮೇಲೆ ಕನ್ನಡಿ ಕಟ್ಟಿಸಿಕೊಟ್ಟರು. ಮುಂದೆ ಆಕೆ ಬರೆದದ್ದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸೆಲ್ಫ್ ಪೋರ್ಟ್ರೇಟ್. 1944ರ 'ಮುರಿದ ಕಂಬ' ನೋಡಿ. ಮೈ ಸೀಳಿದೆ, ಒಳಗೆ ಬಿರುಕುಬಿಟ್ಟ ಕಲ್ಲಿನ ಕಂಬ, ಮೈತುಂಬಾ ಮೊಳೆ, ಕೆನ್ನೆ ಮೇಲೆ ಕಣ್ಣೀರು. ಜನ ಕಣ್ಣೀರಿನ ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣು ಹೋಗುವುದು ಮೊಳೆಗಳ ಕಡೆ. ಅವು ಒಂದೇ ಅಳತೆಯವಲ್ಲ. ಎದೆಗೆ ಹೊಡೆದದ್ದು ದೊಡ್ಡದು. ಯಾವ ಮೊಳೆ ಎಲ್ಲಿ, ಎಷ್ಟು ದೊಡ್ಡದು ಅಂತ ಕೂತು ಲೆಕ್ಕ ಹಾಕಿದವಳು ಅಳುತ್ತಾ ಬರೆದಿರಲಾರಳು. ಇದು ನನ್ನ ಊಹೆ ಅನ್ನಿ, ಕುಂಚ ಹಿಡಿದವರು ಒಪ್ಪಬಹುದು.

ಹಾಗಂತ ಎಲ್ಲರದೂ ವಾಸಿಯಾಗುವ ಕಥೆಯಲ್ಲ. ಫಿನ್‌ಲೆಂಡಿನ ಕಲಾವಿದೆ ಹೆಲೆನ್ ಶೆರ್ಫ್‌ಬೆಕ್ ತೀರಿಕೊಳ್ಳುವ ಮುಂಚಿನ ಎರಡು ವರ್ಷ, 80 ದಾಟಿದ ವಯಸ್ಸಿನಲ್ಲಿ, ಒಂದರ ಹಿಂದೆ ಒಂದು ತನ್ನ ಮುಖ ಬರೆದರು. ಕೆನ್ನೆ ಬತ್ತಿ, ಕಣ್ಣು ಗುಳಿಬಿದ್ದು, ಕೊನೆಕೊನೆಗೆ ಬುರುಡೆಯಷ್ಟೇ ಉಳಿಯುತ್ತದೆ. ನೋಡುತ್ತಾ ಹೋದರೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಸಮಾಧಾನ ಹುಡುಕಿದರೆ ಸಿಗುವುದಿಲ್ಲ. ನನಗೆ ಫ್ರೀಡಾಗಿಂತ ಇವರೇ ಹತ್ತಿರ.

ಇನ್ನು ಮೂರನೇ ಉತ್ತರ, 'ನಾನು ಯಾರು' ಅನ್ನುವುದಕ್ಕೆ ಸೇರಿದ್ದು. ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಕುಂಚದ ಬದಲು ಕ್ಯಾಮೆರಾ ಮುಂದೆ ತಾವೇ ನಿಲ್ಲುತ್ತಾರೆ. ಛಾಯಾಗ್ರಾಹಕಿ ಕ್ಲೇರ್ ಅರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿ, ಬಿಜಾಪುರದ ಹಳೆಯ ಚಿತ್ರದ ಯೋಗಿನಿ, ಹೀಗೆ ಒಬ್ಬೊಬ್ಬರಾಗಿ ವೇಷ ಕಟ್ಟಿದರು. ಮುಖ ಒಂದೇ, ಹೆಂಗಸರು ಬೇರೆಬೇರೆ.

ನನ್ನದು ಅಷ್ಟು ದೊಡ್ಡ ಹರವಲ್ಲ. ನನ್ನ ಜಗಳ ಬಣ್ಣದ ಟ್ಯೂಬಿನ ಜೊತೆ. ಅಂಗಡಿಯಲ್ಲಿ 'ಫ್ಲೆಶ್ ಟಿಂಟ್', ಅಂದರೆ ಮೈಬಣ್ಣ, ಅಂತ ಸಿಗುವ ಟ್ಯೂಬ್ ಹಿಂಡಿದರೆ ಬರುವುದು ಗುಲಾಬಿ ಬಣ್ಣ. ನಮ್ಮ ಮನೆಯಲ್ಲಿ ಯಾರ ಮೈಬಣ್ಣವೂ ಹಾಗಿಲ್ಲ. 'ಹುಡುಗಿ ಸ್ವಲ್ಪ ಕಪ್ಪು' ಅನ್ನಿಸಿಕೊಂಡು ಬೆಳೆದವಳು ನಾನು, ಆದರೆ ಮುಖಕ್ಕೆ ಕಪ್ಪು ಬಣ್ಣ ಮುಟ್ಟಿಸುವುದೇ ಇಲ್ಲ. ಬರ್ನ್ಟ್ ಸಿಯೆನಾದ ಕೆಂಗಂದು, ಓಕರ್‌ನ ಮಣ್ಣುಹಳದಿ, ಅಲ್ಟ್ರಾಮರೀನ್ ನೀಲಿ, ಗಲ್ಲದ ಕೆಳಗಿನ ನೆರಳಿಗೆ ಹಸಿರು. ಇಷ್ಟು ಸಾಕು.

ಕನ್ನಡಿ ನೋಡಿ ಬರೆಯುವುದರಿಂದ ಚಿತ್ರಗಳಲ್ಲಿ ನನ್ನ ಮೂಗುಬೊಟ್ಟು ಯಾವಾಗಲೂ ತಪ್ಪು ಕಡೆ ಇರುತ್ತದೆ. ಈಚೆಗೆ ಎರಡು ಕನ್ನಡಿಗಳನ್ನು ಎಲ್ ಆಕಾರಕ್ಕೆ ಜೋಡಿಸಿಟ್ಟೆ. ಹಾಗಿಟ್ಟರೆ ಎಡಬಲ ಅದಲುಬದಲಾಗುವುದಿಲ್ಲ, ಬೇರೆಯವರಿಗೆ ಕಾಣುವ ಹಾಗೆ ನಾವು ಕಾಣುತ್ತೇವೆ. ಮೂಗುಬೊಟ್ಟು ಸರಿಯಾದ ಜಾಗಕ್ಕೆ ಬಂತು, ಆದರೆ ಒಂದು ಹುಬ್ಬು ಮೇಲೇರಿ, ಬಾಯಿ ಸೊಟ್ಟಗಾಗಿ, ಯಾರೋ ಬಸ್ಸಿನಲ್ಲಿ ನೋಡಿದ ಹೆಂಗಸಿನ ಹಾಗೆ ಕಂಡೆ. ಬೇರೆ ಯಾರನ್ನೂ ಬರೆಯಲ್ವಾ ಅನ್ನುವವರಿಗೆ ಸದ್ಯಕ್ಕೆ ಅವಳನ್ನೇ ತೋರಿಸಬಹುದು. ತೊಂದರೆ ಏನಂದರೆ ಕನ್ನಡಿಗಳು ಸೇರುವ ಗೀರು ಸರಿಯಾಗಿ ಮೂಗಿನ ಮೇಲೇ ಬರುತ್ತದೆ. ಕೂತ ಜಾಗ ಎಷ್ಟು ಬದಲಿಸಿದರೂ ಹೋಗುತ್ತಿಲ್ಲ.