ಬಾಗಿಲು ತೆರೆದಿದೆ ಅಂತ ಬೀದಿಯಲ್ಲಿ ಕೂಗಿದಾಗ

ಮೊನ್ನೆ ರಾತ್ರಿ ಉಡುಪಿಯಲ್ಲಿ ಜೋರು ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಆಗಲೇ ನಮ್ಮ ಪುಟ್ಟ ಓಪನ್ ಸೋರ್ಸ್ ಲೈಬ್ರರಿಗೆ (ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿನಲ್ಲಿ ಬಳಸಬಹುದಾದ ಕೋಡ್) ಯಾರೋ ಎಲ್ಲರಿಗೂ ಕಾಣುವ ಹಾಗೆ ಇಶ್ಯೂ, ಅಂದರೆ ದೋಷದ ದೂರು, ಹಾಕಿದರು: ಫೈಲ್ ಹೆಸರಿನಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ ಸೇರಿಸಿದರೆ ಸರ್ವರಿನ ಬೇರೆ ಫೋಲ್ಡರನ್ನೂ ಓದಬಹುದು ಅಂತ. ಟೆಸ್ಟ್ ಮಾಡಿದೆ. ನಿಜ!

ಬೈಯೋಣ ಅಂದರೆ ತಪ್ಪು ನಮ್ಮದೇ. ಇಂಥ ದೋಷ ಕಂಡರೆ ಯಾರಿಗೆ ತಿಳಿಸಬೇಕು ಅಂತ ಹೇಳುವ ಸೆಕ್ಯುರಿಟಿ ಫೈಲನ್ನೇ ಇಟ್ಟಿರಲಿಲ್ಲ, ಪಾಪ ಅವರು ಗುಟ್ಟಾಗಿ ಎಲ್ಲಿಗೆ ಬರೆಯಬೇಕು? 2021ರ ಲಾಗ್‌ಫೋರ್‌ಜೆ (ಜಾವಾ ಪ್ರೋಗ್ರಾಮುಗಳು ಲಾಗ್ ಬರೆಯಲು ಬಳಸುವ ಲೈಬ್ರರಿ) ದೋಷ ನವೆಂಬರ್ 24ಕ್ಕೇ ಖಾಸಗಿಯಾಗಿ ಅದರ ತಂಡಕ್ಕೆ ತಲುಪಿತ್ತು, ಬಯಲಾಗಿದ್ದು ಡಿಸೆಂಬರ್ 9ಕ್ಕೆ. ಅವರಿಗೆ ಅಷ್ಟಾದರೂ ದಿನ ಸಿಕ್ಕಿತ್ತು, ನಮಗೆ ಒಂದು ರಾತ್ರಿಯೂ ಇಲ್ಲ.

ಬೆಳಗಿನ ನಾಲ್ಕಕ್ಕೆ ಪ್ಯಾಚ್ (ದೋಷ ಸರಿಪಡಿಸಿದ ಕೋಡ್) ಹೋಯಿತು. ಈಗ ಖಾಸಗಿ ರಿಪೋರ್ಟಿಂಗ್ ಆನ್ ಮಾಡಿದ್ದೇವೆ. ಬರುವುದರಲ್ಲಿ ಎಐ ಬರೆದ ಸುಳ್ಳು ದೂರುಗಳೇ ಜಾಸ್ತಿ, ಆದರೂ ಒಂದೊಂದನ್ನೂ ಟೆಸ್ಟ್ ಮಾಡಿ ನೋಡಲೇಬೇಕು, ಅಲ್ವಾ?