ಬಸಳೆ ಬುಡದ ಮಣ್ಣು, ಬಸುರಿ ತಂಗಿ

ತಂಗಿಗೆ ಈಗ ಮೂರು ತಿಂಗಳು. ಬದಿಯಡ್ಕದ ತವರಿಗೆ ಬಂದವಳು ಸುಮ್ನೆ ಕೂರುವುದಿಲ್ಲ. ಬೆಳಗಾದರೆ ಬಸಳೆ ಚಪ್ಪರದ ಬುಡದಲ್ಲಿ ಇರುತ್ತಾಳೆ. ಬುಡ ಬಿಡಿಸುವುದು, ಸುಡುಮಣ್ಣು ಹಾಕುವುದು, ಎಲ್ಲ ಬರಿಗೈಯಲ್ಲಿ. ನನಗೆ ಹೆದರಿಕೆ ಆ ಮಣ್ಣಿನದ್ದೇ. ಸಡಿಲ ಮಣ್ಣು ಕಂಡರೆ ಬೆಕ್ಕುಗಳು ಕೆದಕಿ, ಹೇತು, ನೀಟಾಗಿ ಮುಚ್ಚಿ ಹೋಗುತ್ತವೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಟೊಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿ ಬರುವ ಒಂದು ದಾರಿ ಇದು. ಇಲಿ ತಿಂದು ಮೊದಲ ಸಲ ಸೋಂಕು ತಗಲಿದ ಬೆಕ್ಕು, ಸಾಮಾನ್ಯವಾಗಿ ಎಳೆ ಬೆಕ್ಕು, 1ರಿಂದ 3 ವಾರ ಅದನ್ನು ಹೇಲಿನಲ್ಲಿ ಹೊರಹಾಕುತ್ತದೆ. ಅದು ಸೋಂಕು ತಗಲಿಸುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಆಮೇಲೆ ತೇವದ ಮಣ್ಣಿನಲ್ಲಿ ವರ್ಷಕ್ಕೂ ಜಾಸ್ತಿ ಬದುಕಬಲ್ಲದು. ಬ್ಲೀಚಿಂಗ್ ಪೌಡರ್ ಹಾಕಿದರೂ ಜಗ್ಗುವುದಿಲ್ಲ, ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

"ಅಮ್ಮ ನಮ್ಮನ್ನು ಹೆರುವಾಗಲೂ ಇದೇ ಮಣ್ಣಲ್ವಾ ಅಕ್ಕ?" ಎಂದಳು. ಸರಿಯಾದ ಪ್ರಶ್ನೆ. ಬಸುರಾಗುವ ಮೊದಲೇ ಸೋಂಕು ಬಂದು ಹೋಗಿದ್ದರೆ ಸಾಮಾನ್ಯವಾಗಿ ಮಗುವಿಗೆ ಭಯವಿಲ್ಲ. ಬಸುರಿಯಾಗಿರುವಾಗ ಮೊದಲ ಸಲ ತಗಲಿದರೆ ಕಷ್ಟ. ತಾಯಿಗೆ ಹೆಚ್ಚಾಗಿ ಏನೂ ಗೊತ್ತಾಗುವುದಿಲ್ಲ, ಮಗುವಿನ ಕಣ್ಣಿಗೆ, ಮೆದುಳಿಗೆ ಪೆಟ್ಟು ಬೀಳಬಹುದು. ಮೊದಲ ತಿಂಗಳುಗಳಲ್ಲಿ ಮಗುವಿಗೆ ದಾಟುವುದು ಕಡಿಮೆ, ದಾಟಿದರೆ ಹಾನಿ ಜಾಸ್ತಿ.

ಅಮ್ಮ ಬೆಕ್ಕನ್ನೇ ಗೋಣಿಯಲ್ಲಿ ಕಟ್ಟಿ ದೂರ ಬಿಡಲು ಹೊರಟಿದ್ದರು. ಬೇಡ ಎಂದೆ. ಬೆಕ್ಕನ್ನು ಮುಟ್ಟಿದ್ದರಿಂದ ರೋಗ ಬರುವುದು ಅಪರೂಪ. ಅಡಿಕೆ ಅಟ್ಟದ ಇಲಿಗಳಿಗೆ ಬೇರೆ ಯಾರಿದ್ದಾರೆ?

ಮಣ್ಣಿನ ಕೆಲಸ ಈಗ ನನ್ನದು. ತಂಗಿಗೆ ಕೈ ತಡೆಯದಿದ್ದರೆ ರಬ್ಬರ್ ಗ್ಲೌಸ್ ಹಾಕಿಯೇ ಇಳಿಯಬೇಕು. ಬಂದ ಮೇಲೆ ಸೋಪು ಹಚ್ಚಿ, ಉಗುರಿನ ಸಂದಿ ಕೂಡ ತಿಕ್ಕಿ ತೊಳೆಯಬೇಕು. ಮಣ್ಣಿನ ಕೈಯನ್ನು ಬಾಯಿಗೆ ಮುಟ್ಟಿಸಲೇಬಾರದು.

ನನಗೆ ಇನ್ನೂ ಜಾಸ್ತಿ ಚಿಂತೆ ಅಡುಗೆಮನೆಯದ್ದು. ತೋಡಿನ ಬದಿಯಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಒಂದೆಲಗವನ್ನು ನಾವು ಹಸಿಯಾಗಿಯೇ ಅರೆದು ತಂಬುಳಿ ಮಾಡುತ್ತೇವೆ. ಅದನ್ನು ಈಗ ನಿಲ್ಲಿಸಿದ್ದೇವೆ. ಕೋಸಂಬರಿಯ ಮುಳ್ಳುಸೌತೆಯನ್ನು ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದು, ಸಿಪ್ಪೆ ತೆಗೆದೇ ಹೆಚ್ಚುತ್ತೇನೆ. ಬಸಳೆ ಹೇಗೂ ಬೇಯುತ್ತದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಐಜಿಜಿ, ಐಜಿಎಂ ರಕ್ತಪರೀಕ್ಷೆ ಬೇಕಾ ಎಂದು ಕೇಳುತ್ತೇವೆ. ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಇವು. ಐಜಿಜಿ ಇದ್ದರೆ ಯಾವಾಗಲೋ ಸೋಂಕು ತಗಲಿದೆ ಎಂದರ್ಥ, ಐಜಿಎಂ ಇದ್ದರೆ ಅದು ಹೊಸದಿರಬಹುದು. ಐಜಿಎಂ ಪಾಸಿಟಿವ್ ಬಂದ ಕೂಡಲೇ ಗಾಬರಿಯಾಗಬೇಡಿ. ಹಳೆಯ ಸೋಂಕಿನದ್ದೂ ಎಷ್ಟೋ ತಿಂಗಳು ಹಾಗೇ ತೋರಿಸುತ್ತಿರುತ್ತದೆ. ಇನ್ನೊಂದು ಪರೀಕ್ಷೆ ಮಾಡಿಸಿಯೇ ತೀರ್ಮಾನಕ್ಕೆ ಬರಬೇಕು.